ಡೈನಿಂಗ್ ರೂಮಿಗೆ ಹಳೇ ಸೈಡ್‌ಬೋರ್ಡ್: 150 ವರ್ಷದ್ದು ಅಂತಾರೆ, ನಂಬೋದಾ?

ಗೋಡೆಗೊರಗಿದವ:

ಎಲ್ರಿಗೂ ನಮಸ್ಕಾರ, ತುಂಬಾ ದಿನದಿಂದ ಬರೀ ಓದ್ತಾ ಇದ್ದೆ, ಮೊದಲ್ನೇ ಸಲ ಕೇಳ್ತಾ ಇದೀನಿ. ಡೈನಿಂಗ್ ಟೇಬಲ್ ಪಕ್ಕಕ್ಕೆ ಒಂದು ಸೈಡ್‌ಬೋರ್ಡ್, ಅಂದ್ರೆ ತಟ್ಟೆ ಲೋಟ ಇಡೋ ಉದ್ದನೆ ಕಪಾಟು ಬೇಕು ಅಂತ ಆರು ತಿಂಗಳಿಂದ ಹುಡುಕಾಟ ನಡೀತಿದೆ. ಹೊಸದು ನೋಡಿ ನೋಡಿ ಸಾಕಾಯ್ತು, ಎಲ್ಲಾ ಒಂದೇ ಅಚ್ಚಲ್ಲಿ ಎರಕ ಹೊಯ್ದ ಹಾಗಿದಾವೆ, ಬಾಗಿಲು ತೆಗೆದ್ರೆ ಒಳಗೆ ಮರದ ಚಿತ್ರ ಅಂಟಿಸಿದ ಕಾಗದ. ಅದಕ್ಕೆ ಹಳೇದೇ ತಗೊಳ್ಳೋಣ ಅಂತ ಮನೇಲಿ ತೀರ್ಮಾನ ಆಯ್ತು, ಈಗ ಎರಡು ಕಣ್ಣಿಗೆ ಬಿದ್ದಿದಾವೆ, ಎರಡ್ರಲ್ಲಿ ಯಾವುದು ಅಂತ ಬಗೆಹರೀತಾ ಇಲ್ಲ.

ಒಂದು ಮಹಾಗನಿ, ಕಪ್ಪು ಅನ್ನೋ ಅಷ್ಟು ಕಡುಗೆಂಪು. ಎರಡೂ ಪಕ್ಕ ಕಂಬದಂಥ ಕಪಾಟು, ಮಧ್ಯ ಡ್ರಾಯರು, ಹಿಂದೆ ಆಳೆತ್ತರದ ಕನ್ನಡಿ, ಕನ್ನಡಿ ಸುತ್ತ ಬಳ್ಳಿ ಕೆತ್ತನೆ. ಮಾರೋರು 1860ರ ವಿಕ್ಟೋರಿಯನ್, ಅಂದ್ರೆ ವಿಕ್ಟೋರಿಯಾ ರಾಣಿ ಕಾಲದ್ದು, ಅಪ್ಪಟ ಆಂಟೀಕ್ ಅಂತ ಆಣೆ ಇಡೋದೊಂದು ಬಾಕಿ. ಇನ್ನೊಂದು ಉದ್ದಕ್ಕೆ ತಗ್ಗಾಗಿರೋದು, ತೇಗ, ಸಣ್ಣ ಕಾಲು, ಪಕ್ಕಕ್ಕೆ ಸರಿಯೋ ಬಾಗಿಲು, 60ರ ದಶಕದ ಡೇನಿಶ್ ಸ್ಟೈಲ್ ಅಂತೆ. ನನ್ನಾಕೆಗೆ ಎರಡನೇದು ಇಷ್ಟ, ನನಗೆ ಮೊದಲ್ನೇದರ ಮೇಲೆ ಮನಸ್ಸು, ಆದ್ರೆ 150 ವರ್ಷ ಅನ್ನೋದನ್ನ ಹೇಗೆ ನಂಬೋದು ಗೊತ್ತಾಗ್ತಿಲ್ಲ. ಮೇಲ್ಹಲಗೆ ಮೇಲೆ ಬಿಳೀ ಉಂಗುರದ ಕಲೆ ಒಂದು ಹತ್ತಿದಾವೆ, ಅದನ್ನ ಉಜ್ಜಿ ಹೊಸದಾಗಿ ಪಾಲಿಶ್ ಹಾಕಿಸಿದ್ರೆ ಆಯ್ತಲ್ವಾ? ಮುಂದಿನ ವಾರ ಇನ್ನೊಂದ್ಸಲ ನೋಡೋಕೆ ಹೋಗ್ತೀನಿ, ಏನೇನು ನೋಡ್ಬೇಕು ಹೇಳಿ.

ಉಳಿಪೆಟ್ಟು:

ಹಳೇ ಮರದ ಸಾಮಾನು ರಿಪೇರಿ ಮಾಡೋದೇ ನನ್ನ ಕೆಲಸ, ಅದಕ್ಕೆ ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರ್ಲಿ.

ಮೊದಲು ಟೇಪ್ ತಗೊಳ್ಳಿ. ಹಳೇ ಸೈಡ್‌ಬೋರ್ಡು 18ರಿಂದ 24 ಇಂಚು ಆಳ ಇರುತ್ತೆ, ಅದರ ಮುಂದೆ ಟೇಬಲ್ ಅಂಚಿನವರೆಗೆ 36 ಇಂಚಾದ್ರೂ ಜಾಗ ಬಿಡ್ಬೇಕು, ಇಲ್ದಿದ್ರೆ ಕುರ್ಚಿ ಹಿಂದಕ್ಕೆ ಎಳೆದಾಗ ಡ್ರಾಯರ್ ತೆಗೆಯೋಕಾಗಲ್ಲ, ಡ್ರಾಯರ್ ತೆಗೆದಾಗ ಯಾರೂ ಹಾದುಹೋಗೋಕಾಗಲ್ಲ. ಗೋಡೆ ಜೊತೆ ಬಾಗಿಲು, ಮೆಟ್ಟಿಲ ತಿರುವು ಕೂಡ ಅಳೀರಿ. ಅಪ್ಪಟ ಮಾಲು ತಂದು ಬಾಗಿಲಾಚೆ ನಿಲ್ಲಿಸಿಕೊಂಡು ತಲೆ ಕೆರ್ಕೊಳ್ಳೋರನ್ನ ನಾನು ಕಮ್ಮಿ ನೋಡಿಲ್ಲ.

ಇನ್ನು ವಯಸ್ಸು. ಮುಂದಿನಿಂದ ನೋಡ್ಬೇಡಿ. ಮುಂಭಾಗ ಅನ್ನೋದು ಎಲ್ರೂ ಉಜ್ಜಿರೋ, ಎಲ್ರೂ ಪಾಲಿಶ್ ಹಾಕಿರೋ ಮುಖ, ಅದು ಏನು ಬೇಕಾದ್ರೂ ಹೇಳುತ್ತೆ. ಡ್ರಾಯರನ್ನ ಪೂರ್ತಿ ಹೊರಗೆ ಎಳ್ದು ಬೋರಲು ಹಾಕಿ. ಪಕ್ಕದ ಹಲಗೆ ಮುಂದಿನ ಹಲಗೆಗೆ ಸೇರೋ ಮೂಲೇಲಿ ಡವ್‌ಟೇಲ್ ಇರುತ್ತೆ, ಪಾರಿವಾಳದ ಬಾಲ ಬಿಚ್ಚಿದ ಹಾಗೆ ಒಂದರೊಳಗೊಂದು ಕಚ್ಚಿಕೊಂಡಿರೋ ಹಲ್ಲುಗಳು. ಕೈಯಲ್ಲಿ ಕೊಯ್ದಿದ್ರೆ ಒಂದು ಹಲ್ಲು ಇನ್ನೊಂದರ ಹಾಗಿರಲ್ಲ, ಒಂದು ಚೂರು ಅಗಲ, ಒಂದು ಚೂರು ಓರೆ, ಮಧ್ಯದ ಕಡ್ಡಿ ಸಣ್ಣಗೆ ಮೊನೆಯಾಗಿರುತ್ತೆ, ಹಲ್ಲಿನ ಬುಡದಲ್ಲಿ ಬಡಗಿ ಅಳತೆಗೆ ಎಳೆದ ಸಣ್ಣ ಗೀರು ಇನ್ನೂ ಕಾಣುತ್ತೆ. ಎಲ್ಲಾ ಹಲ್ಲೂ ಅಳೆದು ಅಚ್ಚು ಹಾಕಿದ ಹಾಗೆ ಒಂದೇ ಸಮ ಇದ್ರೆ ಮಷೀನು, ಅಂದ್ರೆ ಹೆಚ್ಚುಕಮ್ಮಿ 19ನೇ ಶತಮಾನದ ಕೊನೆ ಅಥವಾ ಆಮೇಲೆ. ಹಲ್ಲಿನ ಬದಲು ಅರ್ಧಚಂದ್ರ, ನಡುವೆ ಒಂದು ಗುಂಡು ಬೊಟ್ಟು ಇಟ್ಟ ಹಾಗೆ ಜೋಡಣೆ ಕಂಡ್ರೆ ಅದು ಅಮೆರಿಕದಲ್ಲಿ 1870ರಿಂದ 1900ರ ಆಸುಪಾಸು ಓಡಿದ ಮಷೀನಿನ ಕೆಲಸ, ಅದೊಂದು ಕಂಡ್ರೆ ಕಾಲ ಹೇಳೋದು ತುಂಬಾ ಸುಲಭ.

ಡ್ರಾಯರ್ ತಳ, ಬೆನ್ನಿನ ಹಲಗೆ ಎರಡ್ರ ಮೇಲೂ ಟಾರ್ಚನ್ನ ಅಡ್ಡಡ್ಡ ಹಿಡೀರಿ, ನೇರ ಹಿಡಿದ್ರೆ ಏನೂ ಕಾಣಲ್ಲ. ಬಿಲ್ಲಿನ ಹಾಗೆ ಬಾಗಿದ ಗೀರುಗಳಿದ್ರೆ ವೃತ್ತಾಕಾರದ ಗರಗಸ, ಅದು ವಾಡಿಕೆಗೆ ಬಂದಿದ್ದು 1830ರ ಸುತ್ತಮುತ್ತ. ಬೆನ್ನಿಗೆ ಪ್ಲೈವುಡ್ ಇದ್ರೆ ಆ ಬೆನ್ನಂತೂ 1860ರದ್ದಲ್ಲ. ಬೆರಳು ಆಡಿಸಿದ್ರೆ ಸಣ್ಣ ಅಲೆ ಅಲೆ ತಾಗಿದ್ರೆ ಕೈ ತೋಪಡ ಹೊಡೆದಿದ್ದು. ಮಹಾಗನಿ ಅಂದಾಕ್ಷಣ ಒಳಗೂ ಮಹಾಗನಿ ಇರ್ಬೇಕು ಅಂತಿಲ್ಲ, ಕಾಣೋ ಕಡೆ ಮಹಾಗನಿ, ಕಾಣದ ಕಡೆ ಪೈನ್ ಅಥವಾ ಓಕ್ ಹಾಕೋದೇ ಆಗಿನ ಪದ್ಧತಿ, ಅದು ಮೋಸ ಅಲ್ಲ.

ಆಮೇಲೆ ತಿರುಪು. ಮಾರೋರು ಒಪ್ಪಿದ್ರೆ ಯಾವುದಾದ್ರೂ ಒಂದೇ ಒಂದು ತಿರುಪು ಬಿಚ್ಚಿಸಿ ನೋಡಿ. 1840ರ ದಶಕದ ಕೊನೇವರೆಗೂ ತಿರುಪಿಗೆ ಮೊನೆ ಇರ್ತಿರ್ಲಿಲ್ಲ, ತುದಿ ಮೊಂಡು, ತಲೆ ಮೇಲಿನ ಗೀರು ನಟ್ಟನಡುವೆ ಕೂಡ ಇರ್ತಿರ್ಲಿಲ್ಲ, ಕೈಯಲ್ಲಿ ಗರಗಸ ಹಿಡಿದು ಕೊಯ್ದಿದ್ದು. ಮೊನೆ ಇರೋ ತಿರುಪು ಆಮೇಲಿಂದು. ಪ್ಲಸ್ ಗುರುತಿನ ಫಿಲಿಪ್ಸ್ ತಿರುಪು 1930ರ ದಶಕಕ್ಕೆ ಮುಂಚೆ ಇರ್ಲೇ ಇಲ್ಲ. ಆದ್ರೆ ಒಂದು ಫಿಲಿಪ್ಸ್ ಕಂಡ ತಕ್ಷಣ ಎದ್ದು ಬರ್ಬೇಡಿ, ಯಾರೋ ಬಾಗಿಲ ತಿರುಗಣಿ ಬದಲಾಯಿಸಿರ್ತಾರೆ ಅಷ್ಟೆ. ಬದಲಾಯಿಸಿದ್ದು ಒಂದು ಮಾತು, ಶುರುವಿಂದ ಅದೇ ಇದ್ದಿದ್ದು ಇನ್ನೊಂದು ಮಾತು, ತಿರುಪಿನ ಪಕ್ಕ ಹಳೇ ತೂತು ಮುಚ್ಚಿದ ಗುರುತು ಇದ್ಯಾ ನೋಡಿದ್ರೆ ಎರಡ್ರಲ್ಲಿ ಯಾವುದು ಗೊತ್ತಾಗುತ್ತೆ.

ಮರ ಒಣಗಿದಾಗ ಎಳೆಗೆ ಅಡ್ಡಡ್ಡವಾಗಿ ಕುಗ್ಗುತ್ತೆ, ಎಳೆ ಉದ್ದಕ್ಕೆ ಕುಗ್ಗೋದು ಇಲ್ಲ ಅನ್ನೋ ಅಷ್ಟು ಕಮ್ಮಿ. ಅದಕ್ಕೆ ಚರಕಿಗೆ ಹಾಕಿ ಗುಂಡಗೆ ಕಡೆದ ಮರದ ಹಿಡಿ, ಕಾಲು ಇವೆಲ್ಲ ನೂರು ವರ್ಷಕ್ಕೆ ಒಂದಿಷ್ಟು ಮೊಟ್ಟೆಯಾಕಾರ ಆಗಿರ್ತಾವೆ, ಎರಡು ದಿಕ್ಕಲ್ಲಿ ಅಳೆದ್ರೆ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬರುತ್ತೆ. ಅದನ್ನ ಯಾರೂ ಬೇಕಂತ ಮಾಡೋಕೆ ಹೋಗಲ್ಲ.

ಪಾಲಿಶ್ ವಿಷಯ ಆಮೇಲೆ ಹೇಳ್ತೀನಿ, ಅಲ್ಲೀವರೆಗೆ ದಯವಿಟ್ಟು ಏನೂ ಉಜ್ಜಬೇಡಿ.

ಅರ್ಧ ಪಾಲಿಶ್:

ಮೇಲಿನವರು ಉಜ್ಜಬೇಡಿ ಅಂದಿದ್ದಕ್ಕೆ ನನ್ನ ಕಥೆ ಸೇರಿಸ್ತೀನಿ, ನಗಬೇಡಿ. ನಾಲ್ಕು ವರ್ಷದ ಹಿಂದೆ ಒಂದು ವಾಲ್‌ನಟ್ ಸೈಡ್‌ಬೋರ್ಡ್ ತಂದೆ, ಮೇಲೆ ಇವರ ಥರಾನೇ ಬಿಳೀ ಉಂಗುರಗಳು, ಒಂದು ಭಾನುವಾರ ಹುಮ್ಮಸ್ಸು ಬಂತು, ಕರೆಂಟಿನ ಸ್ಯಾಂಡರಿಗೆ 120 ನಂಬರ್ ಉಪ್ಪುಕಾಗದ ಸಿಗಿಸಿ ಶುರು ಮಾಡ್ದೆ. ಮೊದಲ್ನೇ ನಿಮಿಷ ಏನ್ ಚೆಂದ ಅಂತೀರಿ, ಕಪ್ಪು ಹೋಗಿ ಜೇನು ಬಣ್ಣ ಏಳ್ತಾ ಇದೆ, ನಾನೇ ಪರಮ ಕುಶಲ ಅನ್ಕೊಂಡೆ. ಎರಡ್ನೇ ನಿಮಿಷಕ್ಕೆ ಅಂಚಿನ ಹತ್ರ ಅಂಗೈಯಗಲ ಒಂದು ಪೇಲವ ಮಚ್ಚೆ ಬಂತು, ಧೂಳು ಅನ್ಕೊಂಡು ಊದಿದೆ, ಹೋಗ್ಲಿಲ್ಲ, ಒದ್ದೆ ಬಟ್ಟೇಲಿ ಒರೆಸಿದೆ, ಹೋಗ್ಲಿಲ್ಲ, ಬಗ್ಗಿ ನೋಡಿದ್ರೆ ವಾಲ್‌ನಟ್ ಎಳೆ ಉದ್ದಕ್ಕೆ ಹೋಗ್ತಿದ್ರೆ ಆ ಮಚ್ಚೆ ಒಳಗಿನ ಎಳೆ ಅಡ್ಡಕ್ಕೆ ಹೋಗ್ತಾ ಇದೆ. ಅದು ಕೆಳಗಿನ ಪೈನ್. ವೆನೀರ್, ಅಂದ್ರೆ ಮೇಲೆ ಅಂಟಿಸಿದ ತೆಳ್ಳನೆ ಮರದ ಹಾಳೆ, ಪೂರ್ತಿ ಹಾರಿಹೋಗಿತ್ತು. ಇವತ್ತಿಗೂ ಆ ಜಾಗದ ಮೇಲೆ ಒಂದು ಹೂದಾನಿ ಕೂತಿದೆ, ನಮ್ಮ ಮನೇಲಿ ಆ ಹೂದಾನಿ ಯಾಕೆ ಮೂಲೇಲಿದೆ ಅಂತ ಯಾರೂ ಕೇಳಲ್ಲ, ಎಲ್ರಿಗೂ ಗೊತ್ತು.

ಆಮೇಲೆ ಗೊತ್ತಾಗಿದ್ದು, ವೆನೀರ್ ಕೈ ಗರಗಸದಲ್ಲಿ ಕೊಯ್ತಿದ್ದ ಕಾಲದಲ್ಲಿ ಒಂದೂವರೆ ಎರಡು ಮಿಲಿಮೀಟರ್ ದಪ್ಪ ಇರ್ತಿತ್ತಂತೆ, ಆಮೇಲೆ ಮಷೀನಲ್ಲಿ ಬಿಲ್ಲೆ ಥರ ಸವರೋಕೆ ಶುರುವಾದ್ಮೇಲೆ ಮಿಲಿಮೀಟರಿಗಿಂತ ಕಮ್ಮಿ ಆಗಿಹೋಯ್ತು. ನನ್ನದು ಎರಡ್ನೇ ಜಾತಿ. ವೆನೀರ್ ಅಂದ್ರೆ ಅಗ್ಗದ ಮಾಲು ಅಂತ ನನ್ನ ತಲೇಲಿತ್ತು, ಅದೂ ತಪ್ಪು, 18ನೇ ಶತಮಾನದ ಒಳ್ಳೊಳ್ಳೇ ಸೈಡ್‌ಬೋರ್ಡೆಲ್ಲ ವೆನೀರೇ, ಚೆಂದದ ಎಳೆ ಇರೋ ಮರವನ್ನ ಹಾಸಿ ಹೊದಿಸ್ತಿದ್ರು.

ತೆಳ್ಳನೆ ಕಾಲು:

ಎಲ್ರೂ ಮಹಾಗನಿ ಹಿಂದೆ ಬಿದ್ರಿ, ಆ ಪಾಪದ ತೇಗದ ಬಗ್ಗೆ ಒಬ್ರೂ ಮಾತಾಡ್ಲಿಲ್ಲ. ನಿಮ್ಮ ಮನೆಯವರ ಪಾರ್ಟಿ ನಾನು.

ಮೊದಲು ಪದ ಸರಿ ಮಾಡ್ಕೊಳ್ಳೋಣ, ಆಂಟೀಕ್ ಅನ್ನೋಕೆ 100 ವರ್ಷ ಆಗಿರ್ಬೇಕು, ಎಷ್ಟೋ ದೇಶದ ಕಸ್ಟಮ್ಸ್ ಲೆಕ್ಕವೂ ಅದೇ. 60ರ ದಶಕದ್ದು ವಿಂಟೇಜ್. ಅದನ್ನ ಯಾರಾದ್ರೂ ಆಂಟೀಕ್ ಅಂತ ಮಾರ್ತಿದ್ರೆ ಬೇರೆ ವಿಷಯದಲ್ಲೂ ಹಾಗೇ ಮಾತಾಡ್ತಾರೆ ಅಂತ ಲೆಕ್ಕ ಹಾಕ್ಕೊಳ್ಳಿ.

ಡೇನಿಶ್ ಸ್ಟೈಲ್ ಅಂದ್ರೆ ಡೆನ್ಮಾರ್ಕಿಂದೇ ಅಂತ ಅರ್ಥ ಅಲ್ಲ. ಆ ಕಾಲದಲ್ಲಿ ಇಂಗ್ಲೆಂಡಿನ ಫ್ಯಾಕ್ಟ್ರಿಗಳೂ ಅದೇ ಧಾಟೀಲಿ ರಾಶಿ ರಾಶಿ ಮಾಡಿದ್ವು, ಜಿ ಪ್ಲಾನ್ ಅಂತ ಕೇಳಿರ್ತೀರಿ, ಹೈ ವೈಕೂಂಬ್‌ನ ಗೊಮ್ ಕಂಪನಿ 1953ರಲ್ಲಿ ಶುರು ಮಾಡಿದ್ದು, ಅದರ ಮುದ್ರೆ ಎಷ್ಟೋ ಸಲ ಡ್ರಾಯರ್ ಒಳಗೇ ಇರುತ್ತೆ. ಡೆನ್ಮಾರ್ಕಿಂದಾದ್ರೆ ಬೆನ್ನಲ್ಲೋ ಡ್ರಾಯರಲ್ಲೋ ಸುಟ್ಟ ಮುದ್ರೆ ಅಥವಾ ಸಣ್ಣ ಗುಂಡು ಬಿಲ್ಲೆ ಹುಡುಕಿ. ಮುದ್ರೆ ಇಲ್ದೇ ಇದ್ರೆ ಕೆಟ್ಟದ್ದು ಅಂತಲ್ಲ, ಹೆಸರಿನ ಮೇಲೆ ಹೆಚ್ಚಿಗೆ ಕೇಳೋಕೆ ಅವರಿಗೆ ಆಧಾರ ಇಲ್ಲ ಅಷ್ಟೆ.

ಒಳ್ಳೇ ಕೆಲಸ ಗುರುತಿಸೋಕೆ ನನ್ನ ದಾರಿ, ಬಾಗಿಲುಗಳನ್ನ ಮುಚ್ಚಿ ನಾಲ್ಕು ಹೆಜ್ಜೆ ಹಿಂದೆ ನಿಂತ್ಕೊಂಡು ಎಳೆ ನೋಡಿ. ಒಂದೇ ದಿಮ್ಮಿಯ ವೆನೀರನ್ನ ಸಾಲಾಗಿ ಹಾಕಿದ್ರೆ ಎಳೆ ಒಂದು ಬಾಗಿಲಿಂದ ಇನ್ನೊಂದಕ್ಕೆ ಹೊಳೆ ಹರಿದ ಹಾಗೆ ಹರಿಯುತ್ತೆ, ನಡುವೆ ಒಂದು ಬಾಗಿಲು ಮಾತ್ರ ಬೇರೆ ಥರ ಇದ್ರೆ ಅದು ಬದಲಾಗಿದೆ. ಬಾಗಿಲು ಪಟ್ಟಿ ಪಟ್ಟಿ ಇದ್ದು ಚಾಪೆ ಸುತ್ತಿದ ಹಾಗೆ ಮೂಲೆ ತಿರುಗಿ ಒಳಗೆ ಹೋಗೋದಾದ್ರೆ ಅದು ಟ್ಯಾಂಬೂರ್, ಹಿಂದೆ ಕ್ಯಾನ್ವಾಸ್ ಬಟ್ಟೆ ಅಂಟಿಸಿರ್ತಾರೆ, ಬಟ್ಟೆ ಹಳೇದಾಗಿ ಹರಿದಿದ್ರೆ ಅರ್ಧದಲ್ಲಿ ಸಿಕ್ಕಾಕ್ಕೊಳ್ಳುತ್ತೆ, ಎರಡು ಮೂರು ಸಲ ಪೂರ್ತಿ ಎಳೆದು ನೋಡಿ. ಬಗ್ಗಿ ಕಾಲಿನ ಹತ್ರ, ತಳದಂಚು ನೋಡಿ. ಆ ಕಾಲದ ಸುಮಾರು ಮಾಲಲ್ಲಿ ತೇಗ ಮೇಲಿನ ಹೊದಿಕೆ ಮಾತ್ರ, ಒಳಗೆ ಚಿಪ್‌ಬೋರ್ಡು, ಅಂದ್ರೆ ಮರದ ಚೂರು ಅಂಟು ಹಾಕಿ ಒತ್ತಿದ ಹಲಗೆ. ಅದಕ್ಕೆ ನೀರು ಬಿದ್ದು ಒಂದ್ಸಲ ಉಬ್ಬಿದ್ರೆ ಮುಗೀತು, ಒಣಗಿಸಿದ್ರೂ ಮೊದಲಿನ ಹಾಗೆ ಕೂರಲ್ಲ. ಅಂಚು ಉಬ್ಬಿದ್ರೆ ಬಿಟ್ಟುಬಿಡಿ, ಎಷ್ಟು ಚೆಂದ ಇದ್ರೂ.

ಇನ್ನೊಂದು, ಮರ ತೇಗದ ಬದಲು ಕಡು ಕಂದಿಗೆ ಕಪ್ಪು ಗೆರೆ ಇದ್ದು ಬ್ರೆಜಿಲ್ ರೋಸ್‌ವುಡ್ ಅಂತ ಹೇಳಿದ್ರೆ ಹುಷಾರು. ಅದು 1992ರಿಂದ ಸೈಟೀಸ್, ಅಂದ್ರೆ ಅಳಿವಿನಂಚಿನ ಗಿಡ ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದದ ಮೊದಲ್ನೇ ಪಟ್ಟೀಲಿದೆ, ದೇಶದಿಂದ ದೇಶಕ್ಕೆ ಸಾಗಿಸೋದಾದ್ರೆ ಕಾಗದಪತ್ರ ಇಲ್ದೇ ಆಗಲ್ಲ.

ಸುಮ್ನೆ ಓದೋನು:

ಇಷ್ಟೆಲ್ಲಾ ತಲೆ ಯಾಕೆ ಕೆಡಿಸ್ಕೋಬೇಕು ಗೊತ್ತಾಗಲ್ಲ, ತಟ್ಟೆ ಲೋಟ ಇಡೋಕೆ ಒಂದು ಪೆಟ್ಟಿಗೆ. ಅಂದಹಾಗೆ ನಾನು ನಮ್ಮನೆ ಹಳೇ ಸೈಡ್‌ಬೋರ್ಡ್ ಮೇಲೆ ಟಿವಿ ಇಡೋಣ ಅಂತಿದೀನಿ, ಹಿಂದೆ ವೈರ್ ಹೋಗೋಕೆ ನಾಲ್ಕಿಂಚು ತೂತು ಕೊರೆದ್ರೆ ಏನಾದ್ರೂ ತೊಂದ್ರೆ ಇದ್ಯಾ?

ಉಳಿಪೆಟ್ಟು:

ತೂತು ಅಂದ ತಕ್ಷಣ ನನ್ನ ಬಿಪಿ ಏರ್ತು. ಬೆನ್ನಿನ ಹಲಗೆ ಒಂದನ್ನ ಜೋಪಾನವಾಗಿ ಬಿಚ್ಚಿ ಎತ್ತಿಡಿ, ಅದರ ಜಾಗಕ್ಕೆ ಸಾದಾ ಹಲಗೆ ಕೂರಿಸಿ ಅದನ್ನ ಎಷ್ಟು ಬೇಕಾದ್ರೂ ಕೊರೀರಿ. ಮುಂದೆ ಬೇಡ ಅನ್ನಿಸಿದ್ರೆ ಹಳೇದನ್ನ ವಾಪಸ್ ಹಾಕ್ಬಹುದು. ಎತ್ತಿಟ್ಟ ಹಲಗೆ ಮೇಲೆ ಎಲ್ಲಿಯದು ಅಂತ ಸೀಸದ ಕಡ್ಡೀಲಿ ಬರೀರಿ, ಇಲ್ದಿದ್ರೆ ಐದು ವರ್ಷ ಆದ್ಮೇಲೆ ಅದು ಒಲೆಗೆ ಹೋಗುತ್ತೆ.

ಪೆಟ್ಟಿಗೆ ಅಂದಿದ್ದಕ್ಕೆ ಒಂದು ಮಾತು. ಈ ಸಾಮಾನು ಶುರುವಾಗಿದ್ದೇ ಪೆಟ್ಟಿಗೆಯಾಗಿ ಅಲ್ಲ. 1760ರ ದಶಕದಲ್ಲಿ ರಾಬರ್ಟ್ ಆಡಮ್ ಅನ್ನೋ ವಾಸ್ತುಶಿಲ್ಪಿ ಇಂಗ್ಲೆಂಡಿನ ದೊಡ್ಡ ಮನೆಗಳಿಗೆ ಮಾಡಿಸ್ತಿದ್ದಿದ್ದು ಡ್ರಾಯರೇ ಇಲ್ಲದ ಒಂದು ಪಕ್ಕದ ಮೇಜು, ಅದರ ಎರಡೂ ಕಡೆ ಬೇರೆ ಬೇರೆಯಾಗಿ ನಿಂತ ಎರಡು ಕಂಬದ ಕಪಾಟು, ಕಪಾಟಿನ ಮೇಲೆ ಒಂದೊಂದು ಹೂಜಿ. ಒಂದು ಕಪಾಟಿಗೆ ಒಳಗೆ ತಗಡು ಹೊಡೆದು ತಟ್ಟೆ ಬೆಚ್ಚಗಿಡೋಕೆ, ಹೂಜೀಲಿ ಲೋಟ ತೊಳೆಯೋಕೆ ನೀರು. ಜಾಗ ಕಮ್ಮಿ ಇರೋ ಮನೆಗೆ ಈ ಮೂರನ್ನೂ ಸೇರಿಸಿ ಒಂದೇ ಸಾಮಾನು ಮಾಡಿದ್ದು 1780ರ ಸುಮಾರಿಗೆ, ಹೆಪಲ್‌ವೈಟ್, ಶೆರಟನ್ ಅನ್ನೋ ಪೀಠೋಪಕರಣ ವಿನ್ಯಾಸಕಾರರ ನಕ್ಷೆಗಳಿಂದ ಅದು ಎಲ್ಲಾ ಕಡೆ ಹರಡ್ತು. ಅದಕ್ಕೇ ಹಳೇ ಸೈಡ್‌ಬೋರ್ಡಲ್ಲಿ ಒಂದು ಕಡೆ ಆಳದ ಡ್ರಾಯರ್ ಇರುತ್ತೆ, ಒಳಗೆ ಸೀಸದ ತಗಡು, ಬಾಟ್ಲಿ ನಿಲ್ಲಿಸೋ ಮನೆಗಳು. ಮೇಲ್ಹಲಗೆ ಹಿಂದಂಚಲ್ಲಿ ಹಿತ್ತಾಳೆ ಕಂಬಿ ಇರ್ತಿತ್ತು, ಅದಕ್ಕೆ ಸಣ್ಣ ಪರದೆ ಇಳಿಬಿಟ್ರೆ ಬಡಿಸೋವಾಗ ಗೋಡೆಗೆ ಸಿಡಿಯಲ್ಲ. ಹಿಂದೆ ಆ ಪಾಟಿ ದೊಡ್ಡ ಕನ್ನಡಿ ಹಾಕೋ ಷೋಕಿ ಬಂದಿದ್ದು ಆಮೇಲೆ, ಇಂಗ್ಲೆಂಡಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲಿ ತೆಗೆದು ಗಾಜು ಅಗ್ಗ ಆದ್ಮೇಲೆ.

ಪಾಲಿಶ್ ವಿಷಯಕ್ಕೆ ಬರ್ತೀನಿ. ಕಾಣದ ಜಾಗದಲ್ಲಿ, ಬಾಗಿಲ ಒಳಮೈಯಲ್ಲಿ ಅನ್ಕೊಳ್ಳಿ, ಹತ್ತಿ ಸುತ್ತಿದ ಕಡ್ಡೀಲಿ ಒಂದು ತೊಟ್ಟು ಸ್ಪಿರಿಟ್ ಮುಟ್ಟಿಸಿ. ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಹತ್ತಿದ್ರೆ ಶೆಲ್ಯಾಕ್, ಅಂದ್ರೆ ಅರಗು, 19ನೇ ಶತಮಾನದ ಸಾಮಾನಿಗೆ ಅದೇ ಜಾಸ್ತಿ. ಏನೂ ಆಗ್ದೇ ಥಿನ್ನರಿಗೆ ಮೆತ್ತಗಾದ್ರೆ ಲ್ಯಾಕರ್, ಅದು 1920ರ ದಶಕದಿಂದೀಚೆಗಿನ ಮಾತು. ಎರಡಕ್ಕೂ ಜಗ್ಗದಿದ್ರೆ ಪಾಲಿಯುರೆಥೇನ್, ಯಾರೋ ಇತ್ತೀಚೆಗೆ ಬಳಿದಿದ್ದು. ನಿಮ್ಮ ಬಿಳೀ ಉಂಗುರ ಅರಗಿನೊಳಗೆ ಸಿಕ್ಕಿಕೊಂಡ ತೇವ, ಮರಕ್ಕೆ ಇಳಿದಿಲ್ಲ, ಸಣ್ಣ ಬಿಸಿಗಾಳಿಗೇ ಎಷ್ಟೋ ಸಲ ಹೋಗುತ್ತೆ, ಹೇರ್ ಡ್ರೈಯರ್ ದೂರ ಹಿಡಿದು ಆಡಿಸ್ತಾ ಇರಿ. ಕಪ್ಪು ಕಲೆ ಇದ್ರೆ ಅದು ಬೇರೆ, ಕಬ್ಬಿಣ ಮತ್ತು ಮರದ ಒಗರು ಸೇರಿ ಮರದೊಳಗೇ ಆಗಿರೋದು, ಅದನ್ನ ತೆಗೆಯೋದು ಮನೇಲಿ ಮಾಡೋ ಕೆಲಸ ಅಲ್ಲ. ಸಿಲಿಕೋನ್ ಸ್ಪ್ರೇ ಮಾತ್ರ ಹತ್ರ ತರ್ಬೇಡಿ, ಮುಂದೆ ಯಾರು ಪಾಲಿಶ್ ಹಾಕಿದ್ರೂ ಮೀನಿನ ಕಣ್ಣಿನ ಹಾಗೆ ಬೊಟ್ಟು ಬೊಟ್ಟು ಏಳುತ್ತೆ. ವರ್ಷಕ್ಕೊಂದ್ಸಲ ತೆಳ್ಳಗೆ ಮೇಣ, ಉಳಿದಂಗೆ ಒಣ ಬಟ್ಟೆ ಸಾಕು.

ಗೋಡೆಗೊರಗಿದವ:

ಹೋಗಿ ಬಂದೆ, ಟಾರ್ಚು ಟೇಪು ಎಲ್ಲಾ ಹಿಡ್ಕೊಂಡು. ಮಾರೋರು ಮೊದಲು ನನ್ನನ್ನ ತೆರಿಗೆ ಇಲಾಖೆಯೋನ ಥರ ನೋಡಿದ್ರು, ಆಮೇಲೆ ಅವರೇ ಕುತೂಹಲದಿಂದ ಪಕ್ಕ ಕೂತ್ರು.

ತೇಗದ್ದು ಮೊದಲು ಹೇಳ್ತೀನಿ, ಬೇಗ ಮುಗಿಯುತ್ತೆ: ಬಲಗಡೆ ಹಿಂದಿನ ಕಾಲಿನ ಮೇಲಿನ ಅಂಚು ಬ್ರೆಡ್ ಥರ ಉಬ್ಬಿದೆ, ಒತ್ತಿದ್ರೆ ಪುಡಿ ಉದುರುತ್ತೆ. ಮನೆಯಾಕೆ ಅಲ್ಲೇ ಮುಖ ತಿರುಗಿಸಿದ್ಳು.

ಮಹಾಗನಿ. ಡ್ರಾಯರ್ ಹಲ್ಲುಗಳು ಒಂದೊಂದು ಒಂದೊಂದು ಥರ, ಗೀರೂ ಇದೆ. ಎಡಗಡೆ ಡ್ರಾಯರ್ ನೀವು ಹೇಳಿದ ಹಾಗೇ ಆಳ, ಒಳಗೆ ಬೂದು ಬಣ್ಣದ ತಗಡು, ಅದು ಸೀಸ ಅಂತ ಗೊತ್ತಿರ್ಲಿಲ್ಲ, ಅಡಿಗೆ ಕಬ್ಬಿಣ ತಗಡು ಅನ್ಕೊಂಡಿದ್ದೆ. ಮೇಲ್ಹಲಗೆಯನ್ನ ಕೆಳಗಿಂದ ಹಿಡಿದಿರೋ ತಿರುಪು ಒಂದನ್ನ ಅವರೇ ಬಿಚ್ಚಿಕೊಟ್ರು, ತುದಿ ಮೊಂಡು, ಗೀರು ಒಂದು ಪಕ್ಕಕ್ಕೆ ಸರಿದಿದೆ. ಬಾಗಿಲ ತಿರುಗಣಿಗೆ ಮಾತ್ರ ಫಿಲಿಪ್ಸ್, ಪಕ್ಕದಲ್ಲೇ ಹಳೇ ತೂತಿಗೆ ಮೇಣ ತುಂಬಿದ ಗುರುತು.

ಈಗ ವಿಚಿತ್ರ ಕೇಳಿ. ಕನ್ನಡಿಯ ಚೌಕಟ್ಟು ಮೇಲ್ಹಲಗೆಗೆ ಕೂರೋ ಜಾಗದಲ್ಲಿ ಎರಡೂ ಮರದ ಬಣ್ಣ ಸೇರ್ತಿಲ್ಲ. ಚೌಕಟ್ಟಿನ ಬೆನ್ನಿಗೆ ಬಿಲ್ಲಿನ ಗೀರು, ಕೆಳಗಿನ ಬೆನ್ನಿಗೆ ಅಲೆ ಅಲೆ. ಕನ್ನಡಿ ಹಿಡಿದಿರೋ ತಿರುಪಿಗೆಲ್ಲ ಮೊನೆ ಇದೆ. ಇಬ್ರೂ ಸೇರಿ ಕನ್ನಡಿಯನ್ನ ಒಂದಿಂಚು ಮುಂದಕ್ಕೆ ಸರಿಸಿದ್ರೆ, ಮೇಲ್ಹಲಗೆ ಹಿಂದಂಚಲ್ಲಿ ಸಮ ದೂರದಲ್ಲಿ ಮೂರು ಗುಂಡು ತೂತು, ಒಂದಕ್ಕೆ ಮರದ ಬಿರಡೆ, ಎರಡ್ರಲ್ಲಿ ಧೂಳು. ಇದೇನಿದು? ಇನ್ನೊಂದು ಭಯ, ಡ್ರಾಯರ್ ತಳದಲ್ಲಿ ಗುಂಡುಸೂಜಿ ತಲೆ ಅಷ್ಟಷ್ಟು ತೂತುಗಳು, ಹದಿನೈದಿಪ್ಪತ್ತು.

ತೆಳ್ಳನೆ ಕಾಲು:

ನನ್ನ ಪಾರ್ಟಿ ಸೋಲ್ತು. ಅಂಚು ಉಬ್ಬಿದ್ಮೇಲೆ ನಾನೇನೂ ಹೇಳಲ್ಲ. ಆದ್ರೆ ಆ ಮೂರು ತೂತು ಹಿತ್ತಾಳೆ ಕಂಬಿದೇ ಅಲ್ವಾ?!

ಉಳಿಪೆಟ್ಟು:

ಕಂಬಿದೇ. ಓದ್ತಾ ಓದ್ತಾ ಕುರ್ಚಿಯಿಂದ ಎದ್ದುಬಿಟ್ಟೆ.

ನೀವು ಬರೆದಿದ್ದನ್ನ ಜೋಡಿಸಿದ್ರೆ ಇದು ಎರಡು ಸಾಮಾನು. ಈ ಕಸುಬಲ್ಲಿ ಇದಕ್ಕೆ ಮದುವೆ ಅಂತಾರೆ, ಬೇರೆ ಬೇರೆ ಕಡೆ ಹುಟ್ಟಿದ್ದನ್ನ ತಂದು ಒಂದರ ಮೇಲೊಂದು ಕೂರಿಸೋದು. ಮೇಲಿನ ಕನ್ನಡಿ ಅವರು ಹೇಳಿದ ವಿಕ್ಟೋರಿಯನ್ ಕಾಲದ್ದಾಗಿರ್ಬಹುದು. ಕೆಳಗಿಂದು ಅದಕ್ಕಿಂತ ಹಳೇದು: ಮೊಂಡು ತಿರುಪು, ತೋಪಡದ ಅಲೆ, ಸೀಸದ ಡ್ರಾಯರು, ಕಂಬಿ ತೂತು, ನಾಲ್ಕೂ ಒಂದೇ ಕಡೆ ಬೆರಳು ತೋರಿಸ್ತಾವೆ. ಕಂಬಿ ತೂತೊಂದೇ ಇದ್ದಿದ್ರೆ ನಾನು ನಂಬ್ತಿರ್ಲಿಲ್ಲ, ಯಾಕಂದ್ರೆ 1900ರ ಆಸುಪಾಸಲ್ಲಿ ಶೆರಟನ್ ಧಾಟಿಯನ್ನ ನಕಲು ಮಾಡಿದ ಸೈಡ್‌ಬೋರ್ಡುಗಳಿಗೂ ಕಂಬಿ ಹಾಕ್ತಿದ್ರು, ಆದ್ರೆ ಆ ನಕಲು ಮಾಡಿದೋರು ಒಳಗಿನ ತಿರುಪಿನ ತುದಿ ಮೊಂಡು ಮಾಡೋ ಅಷ್ಟು ಶ್ರಮ ತಗೊಳ್ತಿರ್ಲಿಲ್ಲ. ಫೋಟೋ ಇಲ್ದೇ ಇಷ್ಟಕ್ಕಿಂತ ಮುಂದೆ ಹೋಗಲ್ಲ, ಇಸವಿ ಕೇಳ್ಬೇಡಿ.

ಅಂದ್ರೆ ಅವರು 1860 ಅಂದಿದ್ದು ತಪ್ಪೇ, ತಪ್ಪಿದ ದಿಕ್ಕು ಮಾತ್ರ ನಿಮ್ಮ ಪುಣ್ಯ. ಆದ್ರೆ ಮಾರುಕಟ್ಟೇಲಿ ಮದುವೆಯಾದ ಸಾಮಾನಿಗೆ ಬೆಲೆ ಕಮ್ಮಿ, ಅದನ್ನ ಮೆಲ್ಲಗೆ ಹೇಳಿ ಚೌಕಾಸಿ ಮಾಡ್ಬಹುದು, ಕನ್ನಡಿ ಬೇಡ ಕೆಳಗಿಂದು ಮಾತ್ರ ಕೊಡಿ ಅಂತಾನೂ ಕೇಳ್ಬಹುದು. ಕನ್ನಡಿ ಮುಟ್ಟೋ ಮುಂಚೆ ಒಂದು ನೋಡಿ, 19ನೇ ಶತಮಾನದ ಮೊದಲರ್ಧದ ಕನ್ನಡಿಗೆ ಹಿಂದೆ ತವರ ಪಾದರಸ ಲೇಪ ಇರ್ತಿತ್ತು, ಬೆಳ್ಳಿ ಲೇಪ ಬಂದಿದ್ದು ಆಮೇಲೆ. ಹಿಂದಿನ ಹಲಗೆ ಬಿಚ್ಚೋಕೆ, ಕೆರೆಯೋಕೆ ಹೋಗ್ಬೇಡಿ. ಸೀಸದ ತಗಡನ್ನೂ ಕೆರೀಬೇಡಿ, ತಿನ್ನೋ ಕುಡಿಯೋ ವಸ್ತು ಅದರೊಳಗೆ ಬೇಡ, ಚಿಕ್ಕ ಮಕ್ಕಳಿದ್ರೆ ಆ ಡ್ರಾಯರಿಗೆ ಬೀಗ ಹಾಕಿ.

ತೂತು ಕುಟ್ಟೆ ಹುಳದ್ದು. ತೂತಿಗೆ ಹೆದರ್ಬೇಡಿ, ಅದು ಹುಳ ಹೊರಗೆ ಹೋದ ಬಾಗಿಲು, ನೂರು ವರ್ಷದ ಹಿಂದಿಂದೂ ಆಗಿರ್ಬಹುದು. ನೋಡ್ಬೇಕಾದ್ದು ಪುಡಿ. ತೂತಿನೊಳಗೆ ಕಪ್ಪಾಗಿ ಧೂಳು ಕೂತಿದ್ರೆ ಹಳೇದು, ಅಂಚು ಹರಿತವಾಗಿ ಒಳಗೆ ಹಾಲಿನ ಕೆನೆ ಬಣ್ಣದ ಹೊಸ ಮರ ಕಂಡ್ರೆ, ಕೆಳಗೆ ಸಣ್ಣ ರವೆ ಥರ ಪುಡಿ ಬಿದ್ರೆ ಇನ್ನೂ ಇದೆ. ಡ್ರಾಯರ್ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಡಿ. ಮರಿ ಮರದೊಳಗೆ ಮೂರರಿಂದ ಐದು ವರ್ಷ ಇರುತ್ತೆ, ಹೊರಗೆ ಬರೋದು ಬೆಚ್ಚಗಿನ ತಿಂಗಳಲ್ಲಿ, ಅದಕ್ಕೆ ಒಂದು ವಾರ ಪುಡಿ ಬೀಳ್ಲಿಲ್ಲ ಅಂತ ಕುಣೀಬೇಡಿ. ಮಹಾಗನಿಯ ತಿರುಳಿಗೆ ಅದು ಸಾಮಾನ್ಯವಾಗಿ ಬಾಯಿ ಹಾಕಲ್ಲ, ಒಳಗಿನ ಪೈನಿಗೆ ಹಾಕುತ್ತೆ. ಇದ್ರೆ ಬೋರೇಟ್ ದ್ರಾವಣ ಹಚ್ಬಹುದು, ಆದ್ರೆ ಪಾಲಿಶ್ ಇರೋ ಮೇಲೆ ಅದು ಇಳಿಯಲ್ಲ, ಬೋಳು ಮರಕ್ಕೆ ಮಾತ್ರ.

ಅರ್ಧ ಪಾಲಿಶ್:

ಒಳಗಿನ ವಾಸನೆ ಹೇಗಿದೆ? ನನ್ನದರಲ್ಲಿ ನುಸಿಗುಳಿಗೆ ನಾತ ವರ್ಷಗಟ್ಲೆ ಹೋಗಿರ್ಲಿಲ್ಲ, ಇದ್ದಿಲು ಇಟ್ಟೆ, ಅಡುಗೆ ಸೋಡಾ ಇಟ್ಟೆ, ಕೊನೆಗೆ ಡ್ರಾಯರ್ ಒಳಗಿನ ಬೋಳು ಮರಕ್ಕೆ ತೆಳ್ಳಗೆ ಎರಡು ಕೈ ಅರಗು ಬಳಿದ್ಮೇಲೆ ಹೋಯ್ತು. ಈ ವಿಷಯದಲ್ಲಿ ನನ್ನ ಮಾತು ನಂಬಬಹುದು, ಸ್ಯಾಂಡರ್ ಮುಟ್ಟಿಲ್ಲ.

ಗೋಡೆಗೊರಗಿದವ:

ತಗೊಂಡು ಬಂದೆ! ಕೆಳಗಿಂದು ಮಾತ್ರ, ಕನ್ನಡಿ ಅವರೇ ಇಟ್ಕೊಂಡ್ರು, ಬೇರೆ ಯಾರಿಗೋ ಗೋಡೆಗೆ ಹಾಕೋಕೆ ಬೇಕಂತೆ. ಕನ್ನಡಿ ಹೋದ್ಮೇಲೆ ಮನೆಯಾಕೆಗೂ ಒಪ್ಪಿಗೆ ಆಯ್ತು, ಅವಳಿಗೆ ಇಷ್ಟ ಆಗದೇ ಇದ್ದಿದ್ದು ಆ ಬಳ್ಳಿ ಕೆತ್ತನೆನೇ ಅಂತ ಈಗ ಹೇಳ್ತಾಳೆ. ಟೇಬಲಿಗೂ ಇದಕ್ಕೂ 37 ಇಂಚು ಉಳಿದಿದೆ. ವಾಸನೆ ಅಷ್ಟೇನಿಲ್ಲ, ಬೀರು ತೆಗೆದಾಗ ಬರೋ ಹಳೇ ಬಟ್ಟೆ ವಾಸನೆ ಅಷ್ಟೆ. ಕಪ್ಪು ಕಾಗದ ಹಾಸಿದೀನಿ, ದಿನಾ ಬೆಳಗ್ಗೆ ಎದ್ದ ತಕ್ಷಣ ಅದನ್ನೇ ನೋಡೋದು.

ಒಂದೇ ತೊಂದ್ರೆ, ಮಧ್ಯದ ಡ್ರಾಯರು ಎಳೆದ್ರೆ ಒಂದು ಕಡೆ ಜೋತು ಬಿದ್ದು ಕಿರ್ ಅನ್ನುತ್ತೆ.

ಉಳಿಪೆಟ್ಟು:

ಡ್ರಾಯರ್ ಪಕ್ಕದ ಹಲಗೆಯ ಕೆಳಂಚು ಸವೆದಿರುತ್ತೆ, ಹಿಂದೆ ಜಾಸ್ತಿ, ಮುಂದೆ ಕಮ್ಮಿ, ಪಾದರಕ್ಷೆ ಹಿಮ್ಮಡಿ ಸವೆಯೋ ಹಾಗೆ. ಸದ್ಯಕ್ಕೆ ಬಿಳೀ ಮೇಣದಬತ್ತಿ ಉಜ್ಜಿ. ಸರಿಯಾಗಿ ಮಾಡ್ಬೇಕು ಅಂದ್ರೆ ಸವೆದ ಅಂಚನ್ನ ನೇರ ಮಾಡಿ ಅದೇ ಜಾತಿ ಮರದ ಪಟ್ಟಿ ಅಂಟಿಸ್ಬೇಕು, ಸರೇಸಲ್ಲಿ ಅಂಟಿಸಿ, ಅದಾದ್ರೆ ಬಿಸಿನೀರು ತಾಗಿಸಿ ಮತ್ತೆ ಬಿಡಿಸ್ಬಹುದು. ಎಪಾಕ್ಸಿ ಬೇಡ. ಆ ಕಂಬಿ ತೂತಿಗೆ ಏನ್ ಮಾಡ್ತೀರಿ?

ಗೋಡೆಗೊರಗಿದವ:

ಹೊಸ ಕಂಬಿ ಮಾಡಿಸೋಣ ಅಂತ ಒಂದು ದಿನ ಅನ್ನಿಸ್ತು, ಆಮೇಲೆ ಬಿಟ್ಟೆ. ಎರಡು ತೂತಿನ ಧೂಳು ಹತ್ತಿ ಸುತ್ತಿದ ಕಡ್ಡೀಲಿ ತೆಗೆದೆ, ಒಂದರೊಳಗೆ ಹಿತ್ತಾಳೆ ಚೂರು ಮುರಿದು ಕೂತಿದೆ, ಹಸಿರು ಹಿಡಿದಿದೆ. ಅದನ್ನ ಹಾಗೇ ಬಿಟ್ಟಿದೀನಿ.